ಏರಿದ್ದನ್ನು ಇಳಿಸುವ ಕೊಂಡಿ

ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮನೂ ಅರ್ಜುನನೂ ಒಬ್ಬರಿಗೆದುರಾಗಿ ಒಬ್ಬರು ಮಹಾಸ್ತ್ರವನ್ನು ಬಿಟ್ಟ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಲೋಕವೇ ಬೆಂದುಹೋದೀತೆಂದು ನಾರದ ವ್ಯಾಸರು ನಡುವೆ ಬಂದು ನಿಂತು, ಅಸ್ತ್ರಗಳನ್ನು ಹಿಂದಕ್ಕೆ ತೆಗೆದುಕೊಳ್ಳಿರೆಂದಾಗ ಅರ್ಜುನ ತೆಗೆದುಕೊಂಡ, ಅಶ್ವತ್ಥಾಮನಿಂದ ಆಗಲಿಲ್ಲ. ಅವನಿಗೆ ಪ್ರಯೋಗ ತಿಳಿದಿತ್ತು, ಉಪಸಂಹಾರ ತಿಳಿದಿರಲಿಲ್ಲ. ಅರೆವಿದ್ಯೆಯ ಅಪಾಯವನ್ನು ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕಿಲ್ಲ. ಈಗ ಶಾಲೆಯ ವಿಜ್ಞಾನ ಮೇಳಗಳಲ್ಲಿ ಮಕ್ಕಳು ಹಾರಿಸುವ ಮಾದರಿ ರಾಕೆಟ್ಟಿಗೂ ಈ ಮಾತು ಸಲ್ಲುತ್ತದೆ. ಏರಿಸುವುದು ಹೇಗೆಂದು ಎಲ್ಲರೂ ಕೇಳುತ್ತಾರೆ; ಇಳಿಸುವುದು ಹೇಗೆಂದು ಕೇಳುವವರು ಕಡಿಮೆ. ಇಳಿಸುವ ಸಲಕರಣೆಗಳಲ್ಲಿ, ಅಂದರೆ ಹುರಿ, ಕೊಂಡಿ, ಬಳೆ, ಗಂಟುಗಳಲ್ಲಿ, ಎಷ್ಟು ಬಲವಿದ್ದರೆ ಸಾಕು ಎಂಬುದೇ ಈ ಲೇಖನದ ವಿಷಯ.

ಹಾರಿಸುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಸೈನ್ಯ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಉದ್ದನೆಯ ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದ ರಾಕೆಟ್ಟುಗಳು ಯೂರೋಪಿನವರನ್ನೂ ಬೆರಗುಗೊಳಿಸಿದವು. ಶಿವಮೊಗ್ಗ ಜಿಲ್ಲೆಯ ನಗರದ ಬಳಿ ಹಾಳು ಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು 2018ರಲ್ಲಿ ದೊರೆತವು. ನಮ್ಮ ಕೊಪ್ಪಳದ ಕೋಟೆಯೂ 1786ರಲ್ಲಿ ಟಿಪ್ಪುವಿನ ಕೈಸೇರಿ, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಗೊಂಡು, 1790ರಲ್ಲಿ ಬ್ರಿಟಿಷರ ಮತ್ತು ನಿಜಾಮನ ಸೇನೆಯ ಮುತ್ತಿಗೆಯನ್ನು ಕಂಡದ್ದೇ. ಆ ರಾಕೆಟ್ಟುಗಳನ್ನು ಮಾಡಿದವರಿಗೆ ಇಳಿಸುವ ಚಿಂತೆ ಇರಲಿಲ್ಲ. ಹೋದದ್ದು ಹಿಂದಿರುಗಬಾರದು ಎಂಬುದೇ ಅವುಗಳ ಉದ್ದೇಶ.

ಆಟಕ್ಕೂ ಕಲಿಕೆಗೂ ಹಾರಿಸುವ ರಾಕೆಟ್ಟು ಹುಟ್ಟಿದ್ದು ಇದಕ್ಕೆ ವಿರುದ್ಧವಾದ ಉದ್ದೇಶದಿಂದ. ಅಮೆರಿಕದ ನೆಬ್ರಾಸ್ಕ ಪ್ರಾಂತದ ನಾರ್ಫೋಕ್ ಎಂಬ ಊರಿನಲ್ಲಿ ಪಾದರಕ್ಷೆಗಳ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ 1954ರಲ್ಲಿ ಕಾಗದದ ಕೊಳವೆಯ ಪುಟ್ಟ ರಾಕೆಟ್ಟೊಂದನ್ನು ಮಾಡಿದರು. ಅದು ಮೇಲೇರಿ, ಪ್ಯಾರಾಚೂಟು ಬಿಚ್ಚಿ, ಮೆಲ್ಲನೆ ಇಳಿದು, ಮತ್ತೆ ಹಾರಲು ಸಿದ್ಧವಾಗುತ್ತಿತ್ತು. 1957ರಲ್ಲಿ ಹ್ಯಾರಿ ಸ್ಟೈನ್ ಎಂಬ ಎಂಜಿನಿಯರು ಇದನ್ನು ಕೈಗೆತ್ತಿಕೊಂಡರು. ಮನೆಯಲ್ಲಿ ಮದ್ದು ಬೆರೆಸಲು ಹೋಗಿ ಹುಡುಗರು ಗಾಯಗೊಳ್ಳುತ್ತಿದ್ದ ಕಾಲ ಅದು. ಸುರಕ್ಷಿತವಾಗಿ ಇಳಿಯುವ ರಾಕೆಟ್ಟು ಆ ಮಕ್ಕಳಿಗೆ ದಾರಿಯಾಯಿತು. ನಮ್ಮ ದೇಶದಲ್ಲಿಯೂ 2025ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಕುಶೀನಗರ ಜಿಲ್ಲೆಯಲ್ಲಿ ಇನ್-ಸ್ಪೇಸ್ ಸಂಸ್ಥೆ ಕಾಲೇಜು ವಿದ್ಯಾರ್ಥಿಗಳ ಮಾದರಿ ರಾಕೆಟ್ ಸ್ಪರ್ಧೆಯನ್ನು ನಡೆಸಿತು. ನಮ್ಮ ತಾಲೂಕುಗಳ ಹೈಸ್ಕೂಲುಗಳಿಗೆ ಒಪ್ಪುವುದು ನೀರಿನ ರಾಕೆಟ್ಟು. ಪಾನೀಯದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮೂರರಲ್ಲೊಂದು ಪಾಲು ನೀರು ತುಂಬಿ ಸೈಕಲ್ ಪಂಪಿನಿಂದ ಗಾಳಿ ಒತ್ತಿದರೆ, ನೀರು ಕೆಳಕ್ಕೆ ಚಿಮ್ಮಿ ಬಾಟಲಿ ಮೇಲಕ್ಕೆ ಹಾರುತ್ತದೆ. ಮದ್ದಿನ ಗೊಡವೆ ಇದರಲ್ಲಿಲ್ಲ. ಮದ್ದನ್ನು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಬೆರೆಸಲೇಬಾರದು.

ಇಳಿಸುವ ಏರ್ಪಾಡಿನ ಅಂಗಗಳನ್ನು ಒಮ್ಮೆ ನೋಡೋಣ. ಮೇಲೆ ಚೂಪಾದ ಮೂತಿ, ಕೆಳಗೆ ಕೊಳವೆಯಂಥ ಒಡಲು, ಇವೆರಡನ್ನೂ ಕೂಡಿಸುವ ಉದ್ದನೆಯ ಹುರಿ. ಇದನ್ನು ನಡುಹುರಿ ಎಂದು ಕರೆಯೋಣ. ನಡುಹುರಿಗೆ ಒಂದು ಕೊಂಡಿ, ಕೊಂಡಿಗೆ ಒಂದು ತಿರುಗಣೆ, ತಿರುಗಣೆಗೆ ಪ್ಯಾರಾಚೂಟಿನ ಎಳೆಗಳು, ಎಳೆಗಳ ಮೇಲೆ ಬಟ್ಟೆಯ ಕೊಡೆ. ರಾಕೆಟ್ಟು ತುದಿ ಮುಟ್ಟಿ ವೇಗ ಕಳೆದುಕೊಂಡು ವಾಲಿದಾಗ ಸಡಿಲವಾಗಿ ಕೂರಿಸಿದ ಮೂತಿ ಕಳಚಿ, ಒಳಗೆ ಮಡಿಸಿಟ್ಟ ಕೊಡೆಯನ್ನು ಹೊರಗೆಳೆಯಬೇಕು. ಮದ್ದಿನ ಮೋಟಾರುಳ್ಳ ರಾಕೆಟ್ಟಿನಲ್ಲಾದರೆ ಒಂದು ಚಿಕ್ಕ ಸಿಡಿತ ಮೂತಿಯನ್ನು ಹೊರದೂಡುತ್ತದೆ. ಮುಂದಿನದೆಲ್ಲ ಈ ಹುರಿಯ ಮತ್ತು ಕೊಂಡಿಯ ಕೆಲಸ.

ಹೊಸಬರು ಸಾಮಾನ್ಯವಾಗಿ ಹಾಕುವ ಲೆಕ್ಕ ಹೀಗಿರುತ್ತದೆ: “ರಾಕೆಟ್ಟಿನ ತೂಕ ಅರ್ಧ ಕಿಲೋ. ಒಂದು ಕಿಲೋ ತಾಳುವ ದಾರ ಹಾಕಿದರೆ ಎರಡು ಪಟ್ಟು ಬಲವಾಯಿತು, ಸಾಕು.” ನೋಡಲು ಸರಿಯಾಗಿಯೇ ಇದೆ. ಆದರೆ ಬಾವಿಯಿಂದ ನೀರು ಸೇದಿದ ನಮ್ಮ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ತುಂಬಿದ ಕೊಡವನ್ನು ಮೆಲ್ಲನೆ ಸೇದುವಾಗ ಹಳೆಯ ಹಗ್ಗವೂ ತಾಳುತ್ತದೆ. ಅದೇ ಕೊಡ ಕೈಜಾರಿ ನಾಲ್ಕು ಮೊಳ ಕೆಳಗಿಳಿದು ತಟ್ಟನೆ ನಿಂತಾಗ ಹಗ್ಗ ಹರಿಯುತ್ತದೆ. ಕೊಡದ ತೂಕ ಹೆಚ್ಚಲಿಲ್ಲ, ಹಗ್ಗದ ಬಲ ಕುಂದಲಿಲ್ಲ. ನಡುವೆ ಬಂದದ್ದು ಜಗ್ಗು. ಹುರಿಯನ್ನು ಆರಿಸಬೇಕಾದದ್ದು ತೂಕ ನೋಡಿ ಅಲ್ಲ, ಜಗ್ಗು ನೋಡಿ.

ಆ ಜಗ್ಗು ಎಷ್ಟು? ಇದನ್ನು ಎಂಟನೆಯ ತರಗತಿಯ ಗಣಿತದಿಂದಲೇ ಅಂದಾಜು ಮಾಡಬಹುದು. ಗಾಳಿ ಕೊಡೆಯನ್ನು ತಡೆಯುವ ಬಲ ವೇಗದ ವರ್ಗಕ್ಕೆ ಸಮನಾಗಿ ಹೆಚ್ಚುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಅರ್ಧ ಕಿಲೋ ರಾಕೆಟ್ಟು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಇಳಿಯಬೇಕಾದರೆ ಸುಮಾರು 75 ಸೆಂಟಿಮೀಟರ್ ಅಡ್ಡಳತೆಯ ಕೊಡೆ ಬೇಕು. ಆ ವೇಗದಲ್ಲಿ ಹುರಿಯ ಮೇಲಿನ ಸೆಳೆತ ರಾಕೆಟ್ಟಿನ ತೂಕದಷ್ಟೇ, ಅಂದರೆ ಅರ್ಧ ಕಿಲೋ. ಆದರೆ ಕೊಡೆ ತಡವಾಗಿ ಬಿಚ್ಚಿಕೊಂಡಿತೆನ್ನಿ. ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಸುಮಾರು 10 ಮೀಟರಿನಂತೆ ಏರುತ್ತದೆ. ಒಂದು ಸೆಕೆಂಡು ತಡವಾದರೆ ವೇಗ 10 ಮೀಟರ್. ಇಳಿಯುವ ವೇಗದ ಎರಡರಷ್ಟು. ಸೆಳೆತ ನಾಲ್ಕರಷ್ಟು, ಅಂದರೆ 2 ಕಿಲೋ. ಎರಡು ಸೆಕೆಂಡಾದರೆ 16 ಪಟ್ಟು, 8 ಕಿಲೋ. ಮೂರು ಸೆಕೆಂಡಾದರೆ 36 ಪಟ್ಟು, 18 ಕಿಲೋ! ಗಾಳಿಯ ತಡೆಯಿಂದ ಬೀಳುವ ವೇಗ ಕೊಂಚ ತಗ್ಗುತ್ತದೆ, ಕೊಡೆ ಅರಳುವಷ್ಟರಲ್ಲಿ ಇನ್ನೂ ಕೊಂಚ ತಗ್ಗುತ್ತದೆ ಎಂಬುದು ನಿಜ. ಆದರೂ ಸಲಕರಣೆ ಆರಿಸುವವನು ಈ ಕೆಟ್ಟ ಗಳಿಗೆಯನ್ನೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ಕಿಲೋ ತಾಳುವ ದಾರ ಎಲ್ಲಿ, 18 ಕಿಲೋ ಸೆಳೆತ ಎಲ್ಲಿ!

ಇದರಿಂದ ಎರಡು ಪಾಠಗಳು ಒಟ್ಟಿಗೆ ದೊರೆಯುತ್ತವೆ. ಹುರಿ ಬಲವಾಗಿರಬೇಕೆಂಬುದು ಒಂದು. ಕೊಡೆ ಸಕಾಲದಲ್ಲಿ ಬಿಚ್ಚಬೇಕೆಂಬುದು ಇನ್ನೊಂದು. ಮೂತಿಯನ್ನು ಬಿಗಿಯಾಗಿ ತುರುಕಿದರೆ ಅದು ತಡವಾಗಿ ಕಳಚುತ್ತದೆ. ಹಾಗೆ ಕಳೆದುಹೋದ ಎರಡು ಸೆಕೆಂಡುಗಳ ಬೆಲೆಯನ್ನು ಹುರಿ ತೆರಬೇಕಾಗುತ್ತದೆ. ರಾಕೆಟ್ಟನ್ನು ತಲೆಕೆಳಗು ಹಿಡಿದು ಸ್ವಲ್ಪ ಅಲುಗಿಸಿದರೆ ಮೂತಿ ತಾನಾಗಿ ಜಾರಬೇಕು. ನೆಟ್ಟಗೆ ಹಿಡಿದಾಗ ಅಲುಗಾಡಬಾರದು. ಈ ಹದ ಕೈಗೆ ಬರುವವರೆಗೆ ಹಾರಿಸುವ ಆತುರ ಬೇಡ.

ಇನ್ನೊಂದು ಜಗ್ಗು ಇದೆ. ಮದ್ದಿನ ಸಿಡಿತಕ್ಕೆ ಸಿಕ್ಕ ಮೂತಿ ಬಾಣದಂತೆ ಮುಂದೆ ಚಿಮ್ಮುತ್ತದೆ. ನಡುಹುರಿ ಅದನ್ನು ಹಿಡಿದು ನಿಲ್ಲಿಸಬೇಕು. 100 ಗ್ರಾಂ ತೂಕದ ಮೂತಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಚಿಮ್ಮಿತೆಂದುಕೊಳ್ಳಿ. ಸ್ವಲ್ಪವೂ ಹಿಗ್ಗದ ಹುರಿ ಅದನ್ನು ಒಂದು ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ ಸೆಳೆತ ಸುಮಾರು 50 ಕಿಲೋ ಆಗುತ್ತದೆ. ಹಿಗ್ಗುವ ಹುರಿ 10 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ 5 ಕಿಲೋ ಮಾತ್ರ. ಮನೆ ಕಟ್ಟುವ ಕಡೆ ಕೆಳಗಿನಿಂದ ಎಸೆದ ಇಟ್ಟಿಗೆಯನ್ನು ಮೇಲಿನವನು ಹೇಗೆ ಹಿಡಿಯುತ್ತಾನೆ, ನೋಡಿದ್ದೀರಷ್ಟೆ? ಕೈಯನ್ನು ಸೆಟೆದು ಹಿಡಿಯುವುದಿಲ್ಲ; ಇಟ್ಟಿಗೆಯೊಡನೆ ಕೈಯನ್ನೂ ಹಿಂದಕ್ಕೆ ಬಿಟ್ಟುಕೊಡುತ್ತಾನೆ. ನಡುಹುರಿಯೂ ಹಾಗೆ ಬಿಟ್ಟುಕೊಡಬೇಕು. ಆದುದರಿಂದ ಹುರಿಯ ಉದ್ದ ರಾಕೆಟ್ಟಿನ ಉದ್ದದ ಮೂರು ಪಟ್ಟಾದರೂ ಇರಲಿ. ಉದ್ದ ಹುರಿಯಲ್ಲಿ ಮೂತಿಯ ವೇಗ ಹಾದಿಯಲ್ಲಿಯೇ ಗಾಳಿಗೆ ಸವೆಯುತ್ತದೆ. ಹುರಿಗೂ ಹಿಗ್ಗಲು ಎಡೆ ಸಿಗುತ್ತದೆ. ತೀರ ತೆಳುವಾದ, ಹಿಗ್ಗದ ದಾರ ಹರಿಯದೆ ಉಳಿದರೂ, ಬೇಯಿಸಿದ ತತ್ತಿಯನ್ನು ನೂಲು ಕೊಯ್ಯುವಂತೆ, ಕಾಗದದ ಒಡಲನ್ನೇ ಸೀಳಿಬಿಡುವುದುಂಟು.

ಈಗ ಬಲಕ್ಕೆ ಬರೋಣ. ಸರಪಣಿಯ ಬಲವನ್ನು ಅದರ ದಪ್ಪ ಕೊಂಡಿಗಳು ನಿಶ್ಚಯಿಸುವುದಿಲ್ಲ. ಎಲ್ಲಕ್ಕೂ ಸೋತ ಒಂದು ಕೊಂಡಿ ನಿಶ್ಚಯಿಸುತ್ತದೆ. ಇದನ್ನು ಕೊಪ್ಪಳ ಜಿಲ್ಲೆಯವರಿಗೆ ಪುಸ್ತಕದಿಂದ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಣಿಯ ಕೊಂಡಿ ಕಳಚಿತು. ಬಾಗಿಲೇ ಹೊಳೆಯ ಪಾಲಾಯಿತು. ಆಣೆಕಟ್ಟಿನ ಗೋಡೆ ಅಲುಗಲಿಲ್ಲ, ಉಳಿದ ಬಾಗಿಲುಗಳು ಅಲುಗಲಿಲ್ಲ. ಆದರೂ ಆ ಒಂದು ಕೊಂಡಿಯ ದೆಸೆಯಿಂದ ತುಂಬಿದ ಜಲಾಶಯದ ನೀರು ದಿನಗಟ್ಟಲೆ ಹರಿದುಹೋಯಿತು. ಗಂಗಾವತಿಯ ಕಡೆಯ ಭತ್ತದ ಬೆಳೆಗಾರರು ಎರಡನೆಯ ಬೆಳೆ ಕೈಬಿಟ್ಟಿತೇನೋ ಎಂದು ಕಳವಳಗೊಂಡರು. ಬಾಗಿಲುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಆ ಬಾಯನ್ನು ಮುಚ್ಚಬೇಕಾಯಿತು. ಮೊದಲನೆಯ ಹಲಗೆ ಕುಳಿತದ್ದು ಆಗಸ್ಟ್ 16ರಂದು. 1953ರಿಂದ ದುಡಿದ ಅಣೆಕಟ್ಟಿನ ಕಥೆಗೂ ಮಕ್ಕಳ ಬಾಟಲಿ ರಾಕೆಟ್ಟಿಗೂ ಗಾತ್ರದಲ್ಲಿ ಹೋಲಿಕೆಯಿಲ್ಲ. ಹುರಿಯ ನ್ಯಾಯ ಮಾತ್ರ ಎರಡಕ್ಕೂ ಒಂದೇ.

ಆದುದರಿಂದ ಮೇಲಿನಿಂದ ಕೆಳಗಿನವರೆಗೆ ಒಂದೊಂದು ಸಂಧಿಯನ್ನೂ ಮುಟ್ಟಿ ನೋಡಬೇಕು.

ಮೊದಲು ಕೊಡೆಯ ಎಳೆಗಳು. ಎಂಟು ಎಳೆಗಳಿದ್ದರೆ ಸೆಳೆತ ಎಂಟು ಪಾಲಾಗುತ್ತದೆಂದು ನಂಬಬೇಡಿ. ಕೊಡೆ ಓರೆಯಾಗಿ ಅರಳಿದಾಗ ಎರಡು ಮೂರು ಎಳೆಗಳೇ ಎಲ್ಲವನ್ನೂ ಹೊರಬೇಕಾಗುತ್ತದೆ. ಎಳೆಗಳನ್ನು ಅಂಟುಪಟ್ಟಿಯಿಂದ ಬಟ್ಟೆಯ ಅಂಚಿಗೆ ಮೆತ್ತಿದರೆ ಮೊದಲ ಜಗ್ಗಿಗೇ ಕಿತ್ತುಬರುತ್ತವೆ. ಅಂಚನ್ನು ಮಡಿಸಿ ಹೊಲಿದು, ಆ ಮಡಿಕೆಗೆ ಎಳೆಯನ್ನು ಸೇರಿಸಿ ಹೊಲಿಯಬೇಕು. ಊರಿನ ದರ್ಜಿಯೇ ಇದಕ್ಕೆ ತಕ್ಕ ಗುರು.

ಎರಡನೆಯದು ತಿರುಗಣೆ. ಇಳಿಯುವಾಗ ರಾಕೆಟ್ಟು ಬುಗುರಿಯಂತೆ ತಿರುಗುತ್ತದೆ. ತಿರುಗಣೆ ಇಲ್ಲದಿದ್ದರೆ ಎಳೆಗಳು ಹುರಿಗೊಂಡು ಕೊಡೆ ಮುಚ್ಚಿಕೊಳ್ಳುತ್ತದೆ. ಗಾಳದ ಸಾಮಾನು ಮಾರುವ ಅಂಗಡಿಗಳಲ್ಲಿ ಇದು ಸಿಗುತ್ತದೆ. ದೊಡ್ಡ ಮೀನಿಗೆಂದು ಮಾಡಿದ ಗಟ್ಟಿ ತಿರುಗಣೆಯನ್ನೇ ಕೊಳ್ಳಿ. ಸಣ್ಣದಕ್ಕೂ ದೊಡ್ಡದಕ್ಕೂ ಬೆಲೆಯಲ್ಲಿ ಹೆಚ್ಚು ಅಂತರವಿಲ್ಲ; ತಾಳಿಕೆಯಲ್ಲಿ ಬಹಳ ಅಂತರವಿದೆ.

ಮೂರನೆಯದು ಕೊಂಡಿ ಮತ್ತು ಬಳೆ. ಬೀಗದ ಕೈಗಳನ್ನು ಕೋಯುವ ಬಳೆ ಭಾರ ಹೊರಲೆಂದು ಮಾಡಿದ್ದಲ್ಲ, ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಬಗ್ಗಿಸಿ, ಬಾಯಿ ಕೂಡಿಸದೆ ಬಿಟ್ಟ ಕಣ್ಣು ಕೂಡ ಹಾಗೆಯೇ. ಬಾಯಿ ಬೆಸೆದಿರುವ ಅಥವಾ ತಿರುಪಿನಿಂದ ಮುಚ್ಚುವ ಕೊಂಡಿಯೇ ಆಗಬೇಕು. ಕೊಳ್ಳುವಾಗ ಇನ್ನೊಂದು ಮಾತು. ಕೆಲವು ಸಾಮಾನುಗಳ ಮೇಲೆ ನಿತ್ಯ ಹೊರಬಹುದಾದ ಭಾರವನ್ನು ಬರೆದಿರುತ್ತಾರೆ, ಕೆಲವುಗಳ ಮೇಲೆ ಮುರಿಯುವ ಭಾರವನ್ನು. ಒಳ್ಳೆಯ ತಯಾರಕರ ಕೊಂಡಿ ಮುರಿಯುವುದು ನಿತ್ಯದ ಭಾರದ ನಾಲ್ಕೈದು ಪಟ್ಟಿನಲ್ಲಿ. ಯಾವ ಅಂಕಿಯನ್ನು ಓದುತ್ತಿದ್ದೇವೆಂದು ತಿಳಿಯದೆ ಲೆಕ್ಕ ಹಾಕಬಾರದು. ಅಂಕಿಯೇ ಇಲ್ಲದ ಕೊಂಡಿಯನ್ನು ತೂಕ ಕಟ್ಟಿ ಪರೀಕ್ಷಿಸದೆ ನಂಬಬಾರದು.

ನಾಲ್ಕನೆಯದು ನಡುಹುರಿ. ಹೆಣೆದ ನೈಲಾನ್ ಹುರಿ ಬಲವೂ ಹೌದು, ಹಿಗ್ಗುವುದೂ ಹೌದು. ಬಟ್ಟೆಗೆ ಹಾಕುವ ರಬ್ಬರಿನ ಲಾಡಿ ಹೊಸದಿದ್ದಾಗ ಚೆನ್ನ. ನಮ್ಮ ಬೇಸಗೆಯ ಬಿಸಿಲಿಗೆ ಒಂದೆರಡು ವರ್ಷಗಳಲ್ಲಿ ಜೀವ ಕಳೆದುಕೊಂಡು ಬಿರುಕುಬಿಡುತ್ತದೆ. ಮದ್ದಿನ ರಾಕೆಟ್ಟಿನಲ್ಲಿ ಬಿಸಿಗಾಳಿ ತಗಲುವ ಕಡೆ ನೈಲಾನು ಕರಗುವ ಭಯವೂ ಉಂಟು. ಅಲ್ಲಿ ಬೆಂಕಿಗೆ ಬಗ್ಗದ ಹುರಿಯ ತುಂಡೊಂದು ಬೇಕು.

ಐದನೆಯದು ಗಂಟು. ಇದನ್ನು ಸಲಕರಣೆಯೆಂದು ಯಾರೂ ಎಣಿಸುವುದಿಲ್ಲ. ಆದರೆ ಹುರಿಯ ಬಲದ ಅರ್ಧದಷ್ಟನ್ನು ಗಂಟು ತಿಂದುಹಾಕಬಲ್ಲದು. ಗಂಟಿನ ಬಾಗಿನಲ್ಲಿ ಹೊರಗಿನ ನೂಲುಗಳು ಬಿಗಿದು ಒಳಗಿನವು ಸಡಿಲವಾಗುವುದೇ ಕಾರಣ. 40 ಕಿಲೋ ತಾಳುವ ಹುರಿಗೆ ಒರಟು ಗಂಟು ಹಾಕಿದರೆ ಅದು 20 ಕಿಲೋ ಹುರಿಯಾಗುತ್ತದೆ. ಎಂಟರ ಅಂಕಿಯಂತೆ ಸುತ್ತಿ ಹಾಕಿದ ಕುಣಿಕೆ ಇದ್ದುದರಲ್ಲಿ ಮೇಲು. ಅದು ಬಲವನ್ನು ಅಷ್ಟು ಕುಂದಿಸದು.

ಆರನೆಯದು ಒಡಲಿಗೆ ಹುರಿ ಸೇರುವ ಜಾಗ. ನೀರಿನ ರಾಕೆಟ್ಟಿನಲ್ಲಿ ಇದು ಬಹು ಎಚ್ಚರಿಕೆಯ ವಿಷಯ. ಗಾಳಿ ಒತ್ತುವ ಬಾಟಲಿಗೆ ತೂತು ಕೊರೆದು ಬೋಲ್ಟು ಹಾಕಕೂಡದು. ಒತ್ತಡಕ್ಕೆ ಬಾಟಲಿಯೇ ಸಿಡಿದೀತು. ಹುರಿಯನ್ನು ಬಾಟಲಿಯ ಕೊರಳಿಗೆ ಕುಣಿಕೆಯಾಗಿ ಬಿಗಿದು, ಇಬ್ಬದಿಯಿಂದ ಮೇಲಕ್ಕೆ ತಂದು ಒಂದು ಮಾಡಬೇಕು. ಕೊರಳಿಗಿಂತ ಒಡಲು ದಪ್ಪವಾದುದರಿಂದ ಎಷ್ಟು ಜಗ್ಗಿದರೂ ಕುಣಿಕೆ ಜಾರದು. ಕೊಡದ ಕಂಠಕ್ಕೆ ಹಗ್ಗ ಬಿಗಿದ ನಮ್ಮ ಹಿರಿಯರ ಉಪಾಯವೇ ಇದು.

ಇಷ್ಟಾದ ಮೇಲೆ ಎಷ್ಟು ಬಲವೆಂದು ಹೇಳಬಹುದು. ಅರ್ಧ ಕಿಲೋ ರಾಕೆಟ್ಟಿಗೆ ಕೆಟ್ಟ ಗಳಿಗೆಯ ಸೆಳೆತ 18 ಕಿಲೋ ಎಂದುಕೊಂಡೆವು. ಲೆಕ್ಕಕ್ಕೆ ಸಿಗದ ದೋಷಗಳಿಗೆಂದು ಅದನ್ನು ಇಮ್ಮಡಿ ಮಾಡಿದರೆ 36. ಗಂಟು ತಿನ್ನುವ ಅರ್ಧವನ್ನೂ ಸೇರಿಸಿದರೆ ಹುರಿ 70 ಕಿಲೋ ತಾಳುವಂಥದ್ದಾಗಬೇಕು; ಗಂಟಿಲ್ಲದ ಕೊಂಡಿ, ತಿರುಗಣೆಗಳಿಗೆ 40 ಕಿಲೋ ಸಾಕು. ಹಾರಿಸುವ ಮುನ್ನ ಎಲ್ಲವನ್ನೂ ಹೇಗೆ ಹಾರುವುದೋ ಹಾಗೆಯೇ ಜೋಡಿಸಿ, ಎಳೆಗಳು ಕೂಡುವ ತುದಿಯನ್ನು ಬೇವಿನ ಮರದ ಕೊಂಬೆಗೆ ಕಟ್ಟಿ, ಕೆಳಗಿನ ಕುಣಿಕೆಗೆ 20 ಕಿಲೋ ಮರಳಿನ ಚೀಲವನ್ನು ಮೆಲ್ಲನೆ ತೂಗಬಿಡಿ. ಚೀಲ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು, ಯಾರ ಕಾಲೂ ಅದರ ಕೆಳಗಿರಬಾರದು. ಹತ್ತು ನಿಮಿಷ ಬಿಟ್ಟು ನೋಡಿ. ಗಂಟು ಜಾರಿತೆ, ಬಳೆಯ ಬಾಯಿ ತೆರೆಯಿತೆ, ಹೊಲಿಗೆ ಬಿಟ್ಟಿತೆ? ಸೋತ ಸಂಧಿಯನ್ನು ಬದಲಿಸಿ ಮತ್ತೆ ತೂಗಹಾಕಿ. ಪ್ರತಿ ಹಾರಾಟದ ಬಳಿಕವೂ ಹುರಿಯನ್ನು ಬೆರಳುಗಳ ನಡುವೆ ಹಾಯಿಸಿ ನೋಡಬೇಕು.

ಹಾಗಾದರೆ ಎಲ್ಲವನ್ನೂ ಆನೆ ಕಟ್ಟುವಷ್ಟು ಬಲವಾಗಿ ಮಾಡಿಬಿಡೋಣವೆ? ಕಾವ್ಯಕ್ಕೆ ಔಚಿತ್ಯವೇ ಪ್ರಾಣವೆಂದು ಕ್ಷೇಮೇಂದ್ರ ಹೇಳಿದ. ಯಂತ್ರಕ್ಕೂ ಅದು ಪ್ರಾಣವೇ. ಕಬ್ಬಿಣದ ದಪ್ಪ ಕೊಂಡಿಗಳನ್ನು ತುಂಬಿದರೆ ರಾಕೆಟ್ಟಿನ ತೂಕ ಹೆಚ್ಚಿ ಎತ್ತರ ತಗ್ಗುತ್ತದೆ, ಇಳಿಯುವ ವೇಗ ಏರುತ್ತದೆ. ಕೊಡೆಯನ್ನು ಬಹಳ ದೊಡ್ಡದು ಮಾಡಿದರೆ ಗಾಳಿ ಅದನ್ನು ಹೊತ್ತೊಯ್ಯುತ್ತದೆ. 100 ಮೀಟರಿನಿಂದ ಸೆಕೆಂಡಿಗೆ 5 ಮೀಟರಿನಂತೆ ಇಳಿಯಲು 20 ಸೆಕೆಂಡು ಬೇಕು. ಗಾಳಿಯೂ ಅದೇ ವೇಗದಲ್ಲಿ ಬೀಸಿದರೆ ರಾಕೆಟ್ಟು 100 ಮೀಟರ್ ದೂರ ಹೋಗುತ್ತದೆ. ಕುಷ್ಟಗಿ, ಯಲಬುರ್ಗಾಗಳ ಬಯಲಿನಲ್ಲಿ ಗಾಳಿಯಂತ್ರಗಳನ್ನು ನೆಟ್ಟಿರುವುದೇ ಅಲ್ಲಿನ ಗಾಳಿಯ ಜೋರಿಗೆ ಸಾಕ್ಷಿ. ಅಲ್ಲಿ ಸುಗ್ಗಿ ಮುಗಿದ ಎರೆಹೊಲ ವಿಶಾಲವಾಗಿದ್ದರೂ ಮುಂಜಾನೆಯ ನಿಶ್ಚಲ ಹೊತ್ತನ್ನೇ ಆರಿಸಬೇಕು. ಗಂಗಾವತಿಯ ಗದ್ದೆಯಲ್ಲಿ ಬಿದ್ದದ್ದು ಮುರಿಯದಿದ್ದರೂ ಕೆಸರಿನಲ್ಲಿ ಹುಡುಕಲು ಹೋಗಿ ಪೈರು ತುಳಿದಂತಾಗುತ್ತದೆ. ಕೊಪ್ಪಳದ ಬಂಡೆಗಳ ನಡುವೆಯಾದರೆ ಇಳಿಯುವ ವೇಗ ಇನ್ನೂ ಮೆಲ್ಲಗಿರಬೇಕು. ವಿದ್ಯುತ್ ತಂತಿಗೆ ಸಿಕ್ಕಿಕೊಂಡದ್ದನ್ನು ಮಾತ್ರ ಎಲ್ಲಿಯೇ ಆಗಲಿ ಬಿಟ್ಟೇಬಿಡಬೇಕು.

ದೊಡ್ಡವರ ರಾಕೆಟ್ಟುಗಳಿಗೂ ಈ ವರ್ಗದ ಲೆಕ್ಕ ತಪ್ಪಿದ್ದಲ್ಲ. ವೇಗವಾಗಿ ಬೀಳುವ ನೌಕೆಗೆ ದೊಡ್ಡ ಕೊಡೆಯನ್ನು ಒಮ್ಮೆಲೇ ಬಿಚ್ಚಿದರೆ ಯಾವ ಹುರಿಯೂ ತಾಳದು. ಆದುದರಿಂದ ನಮ್ಮ ಗಗನಯಾನದ ನೌಕೆಗೆ 10 ಪ್ಯಾರಾಚೂಟುಗಳನ್ನು ಅಳವಡಿಸಿದ್ದಾರೆ. ಮೊದಲೆರಡು ಮುಚ್ಚಳ ತೆಗೆಯುತ್ತವೆ, ಮುಂದಿನೆರಡು ವೇಗ ತಗ್ಗಿಸುತ್ತವೆ, ಮೂರು ಮರಿಕೊಡೆಗಳು ಮೂರು ದೊಡ್ಡ ಕೊಡೆಗಳನ್ನು ಹೊರಗೆಳೆಯುತ್ತವೆ. ಆ ಮೂರರಲ್ಲಿ ಎರಡು ಅರಳಿದರೂ ಯಾತ್ರಿಕರು ಕ್ಷೇಮ. 2025ರ ಆಗಸ್ಟ್ 24ರಂದು ಶ್ರೀಹರಿಕೋಟೆಯ ಬಳಿ ಸುಮಾರು 4.8 ಟನ್ ತೂಕದ ಮಾದರಿಯನ್ನು ಹೆಲಿಕಾಪ್ಟರಿನಿಂದ ಬೀಳಿಸಿ ಇದನ್ನು ಪರೀಕ್ಷಿಸಿದರು. ಮರಳು ಚೀಲ ತೂಗುವ ನಮ್ಮ ಪರೀಕ್ಷೆಯ ಹಿರಿಯಣ್ಣನೆಂದರೆ ಅದೇ. ಇಷ್ಟು ಎಚ್ಚರ ಏಕೆಂಬುದಕ್ಕೆ ಸೋವಿಯತ್ ಗಗನಯಾತ್ರಿ ವ್ಲಾದಿಮಿರ್ ಕೊಮರೋವ್ ಅವರ ಮರಣವೇ ಉತ್ತರ. 1967ರ ಏಪ್ರಿಲ್ 24ರಂದು ಅವರು ಅಂತರಿಕ್ಷದಿಂದ ಮರಳುವಾಗ ಮುಖ್ಯ ಕೊಡೆ ಗೂಡಿನಿಂದ ಹೊರಬರಲಿಲ್ಲ, ಮೀಸಲು ಕೊಡೆ ಅರಳಲಿಲ್ಲ.

ಶಾಲೆಯ ಬಯಲಿನಲ್ಲಿ ಅಷ್ಟು ದೊಡ್ಡ ಆಪತ್ತಿಲ್ಲ, ನಿಜ. ಆದರೂ ಹುರಿ ಹರಿದ ಅರ್ಧ ಕಿಲೋ ರಾಕೆಟ್ಟು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ನೆಲಕ್ಕೆ ಬಂದರೆ, 20 ಕಿಲೋ ಮೂಟೆ ಒಂದು ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದಷ್ಟು ಪೆಟ್ಟು ಕೊಡುತ್ತದೆ. ಕೆಳಗೆ ನಿಂತು ಮೇಲೆ ನೋಡುತ್ತಿರುವುದು ಮಕ್ಕಳ ಮುಖಗಳು. ಆದುದರಿಂದ ನೋಡುವವರನ್ನು ದೂರ ನಿಲ್ಲಿಸಿ. ಬರುವ ರಾಕೆಟ್ಟನ್ನು ಕೈಯಲ್ಲಿ ಹಿಡಿಯಲು ಯಾರನ್ನೂ ಬಿಡಬೇಡಿ. ಮೇಳದಲ್ಲಿ ಬಹುಮಾನ ಕೊಡುವ ಹಿರಿಯರು ಎಷ್ಟು ಎತ್ತರ ಹಾರಿತೆಂದು ಕೇಳುವುದರ ಜೊತೆಗೆ, ಅದೇ ರಾಕೆಟ್ಟು ಎಷ್ಟನೆಯ ಸಲ ಹಾರುತ್ತಿದೆಯೆಂದೂ ಕೇಳಲಿ. ಹತ್ತನೆಯ ಸಲ ಎಂದು ಹೇಳುವ ಹುಡುಗಿ ಪ್ರಯೋಗದೊಡನೆ ಉಪಸಂಹಾರವನ್ನೂ ಕಲಿತವಳು.